ಏಳು ಕಾಂಡದ ನೇರಳೆ: ಇದು ಒಂದು ಮರವೋ, ಏಳು ಮರವೋ?

ಚಿಗುರೆಲೆ
ನಾನು ದಿನಾ ಓಡಾಡುವ ದಾರಿಯಲ್ಲಿ ಒಂದು ದೊಡ್ಡ ನೇರಳೆ ಮರ ಇದೆ. ಒಂದು ಅನ್ನಬೇಕೋ ಏಳು ಅನ್ನಬೇಕೋ ಗೊತ್ತಾಗುತ್ತಿಲ್ಲ. ನೆಲದಿಂದಲೇ ಏಳು ಕಾಂಡ ಎದ್ದಿವೆ. ಎಲ್ಲಾ ಸುತ್ತಲೂ ನಿಂತಿವೆ, ನಡುವೆ ಖಾಲಿ. ಆ ಖಾಲಿ ಜಾಗದಲ್ಲಿ ಒಬ್ಬರು ಆರಾಮಾಗಿ ನಿಲ್ಲಬಹುದು. ಕಾಂಡಗಳು ಒಂದೇ ದಪ್ಪ ಇಲ್ಲ. ಎರಡು ಕಾಂಡಗಳು ಮೊಣಕಾಲೆತ್ತರದಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ, ಅಂಟಿದ ಕಡೆ ತೊಗಟೆ ತುಟಿ ಥರ ಉಬ್ಬಿದೆ. ಜೊತೆಗಿದ್ದವರೊಬ್ಬರು ಯಾರೋ ಒಂದೇ ಗುಂಡಿಗೆ ಏಳು ಬೀಜ ಹಾಕಿರಬೇಕು ಅಂದರು. ಇನ್ನೊಬ್ಬರು ಸಿಡಿಲು ಬಡಿದು ಸೀಳಿರಬೇಕು ಅಂದರು. ನನಗೆ ಎರಡೂ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಮರ ಹೀಗೆ ಬೆಳೆಯೋದು ಯಾಕೆ? ತಿಳಿದವರು ಹೇಳಿ.

ಗರಗಸ
ಹಿಂದೆ ಯಾವಾಗಲೋ ಕಡಿದಿದ್ದಾರೆ. ಅಷ್ಟೇ.

ಕಾಡುಹಾದಿ
ಗರಗಸ ಹೇಳಿದ್ದು ಸರಿ ಇರಬಹುದು, ಆದರೆ ಅಷ್ಟಕ್ಕೇ ಬಿಟ್ಟರೆ ಹೇಗೆ ಮಾರಾಯ್ರೇ.

ನೆಟ್ಟಗೆ ಬೆಳೆಯುವ ಮರದಲ್ಲಿ ತುದಿಯ ಕುಡಿಯದ್ದೇ ದರ್ಬಾರು. ಅಲ್ಲಿಂದ ಆಕ್ಸಿನ್ ಅನ್ನುವ ಹಾರ್ಮೋನು ಕೆಳಕ್ಕೆ ಇಳಿಯುತ್ತಾ ಇರುತ್ತದೆ. ಅದು ಇಳಿಯುವಷ್ಟು ಕಾಲ ಕೆಳಗಿನ ಮೊಗ್ಗುಗಳು ತೊಗಟೆಯ ಒಳಗೆ ಸುಮ್ನೆ ಮಲಗಿರುತ್ತವೆ. ಕಾಂಡವನ್ನೇ ಕಡಿದರೆ ಮೇಲಿನಿಂದ ಬರುವ ತಡೆ ಹೋಯಿತು. ಬೇರು ಮಾತ್ರ ಹಾಗೇ ಇದೆ, ಅದರಲ್ಲಿ ಒಂದು ದೊಡ್ಡ ಮರವನ್ನು ಸಾಕುವಷ್ಟು ಕಸುವೂ ಇದೆ. ಮಲಗಿದ್ದ ಮೊಗ್ಗುಗಳೆಲ್ಲ ಒಟ್ಟಿಗೇ ಎದ್ದು ಮೋಟಿನ ಸುತ್ತ ಹತ್ತಾರು ಚಿಗುರು ಬರುತ್ತವೆ. ಅವುಗಳಲ್ಲೇ ಬೆಳಕಿಗೆ ಕಿತ್ತಾಟ. ಕೆಲವು ವರ್ಷ ಕಳೆದರೆ ಐದೋ ಎಂಟೋ ಉಳಿಯುತ್ತವೆ.

ಈಗ ನಿಮ್ಮ ಖಾಲಿ ಜಾಗದ ವಿಷಯ. ಮೋಟಿನಲ್ಲಿ ಜೀವ ಇರೋದು ತೊಗಟೆಯ ಕೆಳಗಿನ ತೆಳು ಪದರದಲ್ಲಿ. ನಡುವಿನ ಕಟ್ಟಿಗೆ ಸತ್ತದ್ದು. ಅದಕ್ಕೇ ಚಿಗುರು ಯಾವಾಗಲೂ ಅಂಚಿನಲ್ಲೇ ಬರುತ್ತದೆ. ನಡುಭಾಗ ಕೊಳೆತು ಮಣ್ಣಾಗುತ್ತದೆ. ಹಾಗಾಗಿ ನೀವು ನಿಂತ ಜಾಗ ಎಷ್ಟು ಅಗಲವೋ ಹಳೇ ಮರದ ಬುಡವೂ ಸುಮಾರು ಅಷ್ಟೇ ಅಗಲ ಇದ್ದಿರಬೇಕು. ನೀಲಗಿರಿ ತೋಪು ಕಡಿದ ಮೇಲೆ ಹೋಗಿ ನೋಡಿ, ಒಂದೊಂದು ಮೋಟಿಗೂ ಇದೇ ಕಥೆ. ತೇಗವೂ ಹೀಗೇ ಚಿಗುರುತ್ತದೆ. ನೇರಳೆ ಅಂತೂ ಕಡಿದಷ್ಟೂ ಚಿಗುರುವ ಜಾತಿ.

ಬೀಜಪೆಟ್ಟಿಗೆ
ಕಡಿದದ್ದು ಅಂತ ಇಷ್ಟು ಬೇಗ ತೀರ್ಮಾನ ಬೇಡ. ನೇರಳೆಯ ಒಂದೇ ಬೀಜದಿಂದ ಎರಡು ಮೂರು ಸಸಿ ಬರೋದು ಮಾಮೂಲಿ. ಒಂದೇ ಬೀಜದ ಒಳಗೆ ಹಲವು ಭ್ರೂಣ ಇರುತ್ತವೆ. ಮಾವಿನ ಕೆಲವು ತಳಿಗಳಲ್ಲೂ ಹೀಗೇ, ಕಿತ್ತಳೆ ನಿಂಬೆಗಳಲ್ಲೂ ಹೀಗೇ. ಮೊಳಕೆ ಬಂದಾಗ ನರ್ಸರಿಯವರು ಬೇರ್ಪಡಿಸುತ್ತಾರೆ. ಕಾಡಲ್ಲಿ ಯಾರು ಬೇರ್ಪಡಿಸುತ್ತಾರೆ? ಎಲ್ಲವೂ ಒಟ್ಟಿಗೇ ಬೆಳೆದು ಬುಡದಲ್ಲಿ ಬೆಸೆದುಕೊಳ್ಳುತ್ತವೆ.

ಕಾಡುಹಾದಿ
ಒಂದೇ ಬೀಜದಿಂದ ಬಂದ ಸಸಿಗಳ ನಡುವೆ ಅಂತರ ಎಷ್ಟಿರುತ್ತದೆ ಹೇಳಿ. ಒಂದು ಬೆರಳು ಇಟ್ಟರೆ ಹೆಚ್ಚು. ದಪ್ಪ ಆಗುತ್ತಾ ಹೋದ ಹಾಗೆ ಅವು ಒಂದಕ್ಕೊಂದು ಒತ್ತಿ ಒಂದೇ ಗುಡ್ಡೆ ಆಗುತ್ತವೆ. ಮನುಷ್ಯ ನಿಲ್ಲುವಷ್ಟು ಜಾಗ ನಡುವೆ ಎಲ್ಲಿಂದ ಬರುತ್ತದೆ?

ಬೀಜಪೆಟ್ಟಿಗೆ
ಹ್ಞಾ, ಅದು ಹೌದು. ಆದರೆ ಬುಡದಲ್ಲಿ ಗುಡ್ಡೆ ಕಟ್ಟಿದ ಜೋಡಿ ನೇರಳೆ ಕಂಡರೆ ನನ್ನ ಮಾತು ನೆನಪಿರಲಿ.

ಮಿಂಚುಹುಳ_07
ಸಿಡಿಲಿನ ಮಾತನ್ನು ಯಾಕೆ ಬಿಟ್ಟುಬಿಟ್ಟಿರಿ? ಸಿಡಿಲು ಹೊಡೆದ ಮರ ಮೇಲಿಂದ ಕೆಳಗಿನವರೆಗೆ ಸೀಳಿದ್ದನ್ನು ನಾನೇ ನೋಡಿದ್ದೇನೆ. ಟೊಳ್ಳಾದ ಮರ ಒಡೆದು ನಾಲ್ಕೈದು ಭಾಗ ಆಗೋದೂ ಉಂಟು. ಇಟಲಿಯ ಸಿಸಿಲಿಯಲ್ಲಿ ಎಟ್ನಾ ಅಗ್ನಿಪರ್ವತದ ಮಗ್ಗುಲಲ್ಲಿ ನೂರು ಕುದುರೆಗಳ ಚೆಸ್ಟ್‌ನಟ್ ಅಂತ ಒಂದು ಮರ ಇದೆ. 1780ರಲ್ಲಿ ಅಳೆದಾಗ ಸುತ್ತಳತೆ 57.9 ಮೀಟರ್. ಈಗ ಅದು ಬೇರೆ ಬೇರೆ ಕಾಂಡಗಳಾಗಿ ನಿಂತಿದೆ, ನೆಲದ ಕೆಳಗೆ ಬೇರು ಒಂದೇ.

ತೊಗಟೆ
ಸೀಳಿದ್ದೋ ಬೇರೆಯಾಗಿ ಬೆಳೆದದ್ದೋ ಅಂತ ತಿಳಿಯೋಕೆ ಸುಲಭದ ದಾರಿ ಇದೆ. ಒಳಗೆ ಹೋಗಿ ನಿಂತು, ನಡುವಿಗೆ ಮುಖ ಮಾಡಿರುವ ಕಡೆ ಕಾಂಡ ಹೇಗಿದೆ ನೋಡಿ. ಒಂದೇ ಕಾಂಡ ಸೀಳಿದ್ದಾದರೆ ಒಳಮುಖ ಬರೀ ಕಟ್ಟಿಗೆ. ಬೂದು ಬಣ್ಣ, ಬಿರುಕು, ಕೆಲವು ಕಡೆ ಕೊಳೆತು ಪುಡಿ. ಅಂಚಿನಿಂದ ಹೊಸ ತೊಗಟೆ ಮಡಚಿಕೊಂಡು ಒಳಕ್ಕೆ ಬರುತ್ತಾ ಇರಬಹುದು, ಆದರೆ ಇಡೀ ಮುಖ ಮುಚ್ಚಿರೋದು ಅಪರೂಪ. ಬೇರೆ ಬೇರೆ ಕಾಂಡಗಳಾಗಿಯೇ ಎದ್ದಿದ್ದರೆ ಒಳಗಡೆಯೂ ಹೊರಗಿನಷ್ಟೇ ಚೆನ್ನಾಗಿ ತೊಗಟೆ ಇರುತ್ತದೆ.

ಆಫ್ರಿಕಾದ ಬಾವೋಬಾಬ್ ಮರಗಳ ವಿಷಯದಲ್ಲೂ ಇದೇ ಆಯಿತು. ಅವುಗಳ ಹೊಟ್ಟೆಯಲ್ಲಿ ದೊಡ್ಡ ಗುಹೆಯಂಥ ಟೊಳ್ಳು ಇರುತ್ತದೆ. ತಿರುಳು ಕೊಳೆತು ಆದದ್ದು ಅಂತಲೇ ಎಲ್ಲರೂ ನಂಬಿದ್ದರು. ರೊಮೇನಿಯಾದ ಆಡ್ರಿಯನ್ ಪತ್ರುತ್ ಮತ್ತು ಅವರ ತಂಡ ಕಟ್ಟಿಗೆಯ ವಯಸ್ಸು ತಿಳಿಸುವ ಕಾರ್ಬನ್ ಪರೀಕ್ಷೆ ಮಾಡಿ ನೋಡಿದರು. ಕೊಳೆತು ಆದ ಟೊಳ್ಳಾದರೆ ಒಳಗೋಡೆಯ ಕಟ್ಟಿಗೆಯೇ ಎಲ್ಲಕ್ಕಿಂತ ಹಳೆಯದು ಆಗಿರಬೇಕು, ಅಲ್ವಾ? ಎಷ್ಟೋ ಮರಗಳಲ್ಲಿ ಹಾಗಿರಲಿಲ್ಲ. ಒಳಗೋಡೆಯಿಂದ ಹೊರಕ್ಕೆ ಹೋದಂತೆ ವಯಸ್ಸು ಮೊದಲು ಹೆಚ್ಚಾಗಿ ಆಮೇಲೆ ಕಡಿಮೆಯಾಯಿತು. ಅಂದರೆ ಹಲವು ಕಾಂಡಗಳು ಸುತ್ತಲೂ ಎದ್ದು, ದಪ್ಪವಾಗಿ, ಪಕ್ಕದ್ದರ ಜೊತೆ ಬೆಸೆದು ನಡುವಿನ ಜಾಗವನ್ನು ಗೋಡೆ ಕಟ್ಟಿದ ಹಾಗೆ ಮುಚ್ಚಿಕೊಂಡಿವೆ. ಆ ಟೊಳ್ಳಿನ ಒಳಗೂ ತೊಗಟೆ ಇರುತ್ತದೆ. ಇದೇ ತಂಡ 2018ರಲ್ಲಿ ಇನ್ನೊಂದು ಸುದ್ದಿ ಕೊಟ್ಟಿತು. ತೀರಾ ಹಳೆಯ 13 ಬಾವೋಬಾಬ್‌ಗಳಲ್ಲಿ 9 ಮರಗಳು ಹಿಂದಿನ ಹನ್ನೆರಡು ವರ್ಷಗಳಲ್ಲಿ ಪೂರ್ತಿಯಾಗಿಯೋ ಭಾಗಶಃವೋ ಸತ್ತಿವೆ ಅಂತ.

ಸುಮ್ನೆ ಬಂದೆ
ಇಷ್ಟು ದಿನ ದಾರಿಯಲ್ಲಿ ಮರ ಕಂಡರೆ ನೆರಳು ಇದೆಯಾ ಅಂತ ಮಾತ್ರ ನೋಡ್ತಿದ್ದೆ. ಇನ್ನು ಮೇಲೆ ಕೆಲಸಕ್ಕೆ ಹೋಗೋದು ತಡ ಆಗುತ್ತೆ.

ಚಿಗುರೆಲೆ
ಹೋಗಿ ನೋಡಿ ಬಂದೆ. ಒಳಮುಖದಲ್ಲೂ ಪೂರ್ತಿ ತೊಗಟೆ ಇದೆ, ಏಳಕ್ಕೂ. ಕೊಳೆತ ಮುಖ ಎಲ್ಲೂ ಇಲ್ಲ. ನಡುವಿನ ನೆಲ ಸುತ್ತಲಿನ ಮಣ್ಣಿಗಿಂತ ಕಪ್ಪಗಿದೆ, ಕಾಲಿಟ್ಟರೆ ಮೆತ್ತಗೆ. ಕಡ್ಡಿಯಿಂದ ಕೆದಕಿದರೆ ಕಂದು ಬಣ್ಣದ ಕಟ್ಟಿಗೆ ಚೂರುಗಳು ಬಂದವು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತವೆ. ಕಾಂಡಗಳು ಬುಡದಲ್ಲಿ ಹೊರಕ್ಕೆ ಬಾಗಿ ಆಮೇಲೆ ನೆಟ್ಟಗೆ ಎದ್ದಿವೆ. ಒಂದು ಮಾತ್ರ ಬಾಗಿಲ್ಲ, ನೆಲದಿಂದಲೇ ನೇರ.

ಗರಗಸ
ಹೇಳಿದ್ನಲ್ಲ.

ಕಾಡುಹಾದಿ
ಬುಡದ ಆ ಬಾಗು ಮೋಟಿನ ಚಿಗುರಿನ ಗುರುತು. ಮೋಟಿನ ಪಕ್ಕದಿಂದ ಹೊರಟಿದ್ದರಿಂದ ಮೊದಲು ಹೊರಕ್ಕೆ ಬರಲೇಬೇಕು, ಆಮೇಲೆ ತಾನೇ ಮೇಲೆ ಹೋಗೋದು. ಬಾಗಿಲ್ಲದ ಆ ಒಂದು ಕಾಂಡ ನನಗೆ ಕುತೂಹಲ ಹುಟ್ಟಿಸುತ್ತಿದೆ. ಅದು ಸುತ್ತಿನ ಅಂಚಲ್ಲೇ ಇದೆಯಾ, ಸ್ವಲ್ಪ ಒಳಗಿದೆಯಾ?

ನಕ್ಷೆಗಾರ
ಈ ಥರ ಮೋಟಿನಿಂದ ಚಿಗುರಿಸುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಇಂಗ್ಲೆಂಡಿನ ವೆಸ್ಟನ್‌ಬರ್ಟ್ ಸಸ್ಯತೋಟದಲ್ಲಿ ಒಂದು ಲೈಮ್ ಮರ ಇದೆ. ಹಣ್ಣಿನ ನಿಂಬೆ ಅಲ್ಲ, ಅದು ಬೇರೆ ಜಾತಿ. ಸುಮಾರು 60 ಕಾಂಡಗಳ ದೊಡ್ಡ ಸುತ್ತು, ವಯಸ್ಸು ಸುಮಾರು 2000 ವರ್ಷ ಅಂತ ಅಂದಾಜು. ಇಪ್ಪತ್ತು ಚಿಲ್ಲರೆ ವರ್ಷಕ್ಕೊಮ್ಮೆ ಬುಡಕ್ಕೆ ಕಡಿಯುತ್ತಾರೆ, ಮತ್ತೆ ಬರುತ್ತದೆ. ಕಡಿಯದೇ ಬಿಟ್ಟಿದ್ದರೆ ಇಷ್ಟು ವರ್ಷ ಬದುಕುತ್ತಿರಲಿಲ್ಲ. ಜಪಾನಿನ ಕ್ಯೋಟೋ ಹತ್ತಿರ ಕಿತಾಯಾಮಾದಲ್ಲಿ ಇನ್ನೂ ವಿಚಿತ್ರ. ದೈಸುಗಿ ಅನ್ನುತ್ತಾರೆ. ಸುಗಿ ಅನ್ನುವ, ದೇವದಾರು ಥರದ ಮರದ ಕೆಳಗಿನ ಕೊಂಬೆಗಳನ್ನು ಉಳಿಸಿ, ಅವುಗಳಿಂದ ನೆಟ್ಟಗೆ ಏಳುವ ಕಾಂಡಗಳನ್ನು ನಯವಾಗಿ ಸವರಿ ಬೆಳೆಸುತ್ತಾರೆ. ಕೆಳಗೆ ಒಂದು ದಪ್ಪ ಬುಡ, ಮೇಲೆ ಹತ್ತಾರು ನೇರ ಕಂಬ. ಬೇಕಾದಾಗ ಕಂಬ ಕಡಿದುಕೊಳ್ಳುತ್ತಾರೆ, ತಾಯಿಮರ ಹಾಗೇ ಉಳಿಯುತ್ತದೆ.

ಬಿಳಲು
ಕಡಿಯೋದು, ಸೀಳೋದು ಎಲ್ಲಾ ಸರಿ. ಬಹುಕಾಂಡ ಅಂದ ಮೇಲೆ ಆಲದ ಮರದ ಹೆಸರನ್ನೇ ಯಾರೂ ಎತ್ತಿಲ್ಲವಲ್ಲ! ಕೊಲ್ಕತ್ತಾದ ಎದುರು ಹೌರಾದ ಸಸ್ಯೋದ್ಯಾನದ ದೊಡ್ಡ ಆಲಕ್ಕೆ ಮೂಲ ಕಾಂಡವೇ ಇಲ್ಲ. ಚಂಡಮಾರುತಕ್ಕೆ ಸಿಕ್ಕಿ ಪೆಟ್ಟಾಗಿ, ಶಿಲೀಂಧ್ರ ಹತ್ತಿ, 1925ರಲ್ಲಿ ಅದನ್ನು ತೆಗೆದರು. ಸಾವಿರಾರು ಬಿಳಲುಗಳ ಮೇಲೆ ಮರ ಹಾಗೇ ನಿಂತಿದೆ, ಹರಡುತ್ತಲೂ ಇದೆ. ಆಂಧ್ರದ ಕದಿರಿ ಹತ್ತಿರದ ತಿಮ್ಮಮ್ಮ ಮರ್ರಿಮಾನು 1989ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು, ಸುಮಾರು ಐದು ಎಕರೆ ಹರಡಿದೆ.

ತೊಗಟೆ
ತಕರಾರು ಇದೆ. ಬಿಳಲು ಬೇರು. ಕಾಂಡ ಅಲ್ಲ.

ಬಿಳಲು
ನೆಲ ಮುಟ್ಟಿ, ದಪ್ಪ ಆಗಿ, ತೊಗಟೆ ಬಂದು, ಕೊಂಬೆಯನ್ನು ಹೊತ್ತು ನಿಂತ ಮೇಲೂ ಬೇರು ಅಂತೀರಾ? ಕೆಲಸ ನೋಡಿ ಹೆಸರು ಕೊಡಿ ಸಾರ್.

ತೊಗಟೆ
ಹುಟ್ಟಿದ್ದು ಬೇರಾಗಿ. ಕೆಲಸ ಕಂಬದ್ದು ಮಾಡಬಹುದು, ಬೇಡ ಅನ್ನಲ್ಲ. ಆದರೆ ನೇರಳೆಯ ಏಳು ಕಾಂಡಕ್ಕೂ ಆಲದ ಬಿಳಲಿಗೂ ಹುಟ್ಟಿನಲ್ಲೇ ವ್ಯತ್ಯಾಸ ಇದೆ. ನೇರಳೆಯದು ಕೆಳಗಿನಿಂದ ಮೇಲೆ ಬಂದದ್ದು, ಆಲದ್ದು ಮೇಲಿನಿಂದ ಕೆಳಗೆ ಇಳಿದದ್ದು. ಎರಡನ್ನೂ ಒಂದೇ ಪಟ್ಟಿಗೆ ಹಾಕಿದರೆ ಕಾರಣ ಹುಡುಕುವವರಿಗೆ ತಲೆ ಕೆಡುತ್ತದೆ.

ಮರಕುಟಿಗ
ಆಲ, ಅರಳಿ ಜಾತಿಯಲ್ಲಿ ಇನ್ನೊಂದು ತಮಾಷೆ ಇದೆ. ಹಕ್ಕಿ ಬೇರೆ ಮರದ ಮೇಲೆ ಹಿಕ್ಕೆ ಹಾಕುತ್ತದೆ, ಅದರಲ್ಲಿನ ಬೀಜ ಅಲ್ಲೇ ಮೊಳೆತು ಬೇರನ್ನು ಕೆಳಕ್ಕೆ ಬಿಡುತ್ತದೆ. ಆ ಬೇರುಗಳು ಆಸರೆ ಕೊಟ್ಟ ಮರವನ್ನು ಸುತ್ತಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಒಂದೇ ಮರದ ಮೇಲೆ ಹಲವು ಬೀಜ ಮೊಳೆತರೆ? ಅವೂ ಬೆಸೆದುಕೊಳ್ಳುತ್ತವೆ. ಪನಾಮಾದಲ್ಲಿ ಇಂಥ ಮರಗಳ ಬೇರೆ ಬೇರೆ ಕೊಂಬೆಗಳಿಂದ ಎಲೆ ತೆಗೆದು ಪರೀಕ್ಷೆ ಮಾಡಿದಾಗ, ನೋಡಲು ಒಂದೇ ಮರ ಆದರೂ ಒಳಗೆ ಹಲವು ಮರಗಳ ವಂಶವಾಹಿ ಸಿಕ್ಕಿತು. 1991ರಲ್ಲಿ ಪ್ರಕಟವಾದ ಕೆಲಸ ಅದು. ಅಂದರೆ ಕಣ್ಣಿಗೆ ಒಂದಾಗಿ ಕಂಡದ್ದು ಹಲವು ಆಗಿರಬಹುದು.

ತಿರುವು ಮುರುವು ಕೂಡ ಉಂಟು. ಮೆಕ್ಸಿಕೋದ ಓಹಾಕಾ ಹತ್ತಿರ ತೂಲೆ ಮರ ಅಂತ ಇದೆ. 2005ರಲ್ಲಿ ಅಳೆದಾಗ ಬುಡದ ಸುತ್ತಳತೆ 42 ಮೀಟರ್. ಇಷ್ಟು ದಪ್ಪ ಒಂದೇ ಮರ ಇರಲು ಸಾಧ್ಯವೇ ಇಲ್ಲ, ಹಲವು ಮರ ಬೆಸೆದಿರಬೇಕು ಅಂತ ಬಹಳ ಜನ ವಾದ ಮಾಡಿದರು. ಡಿಎನ್‌ಎ ನೋಡಿದರೆ ಒಂದೇ ಮರ!

ಚಿಗುರೆಲೆ ಅವರೇ, ನಿಮ್ಮ ಮರಕ್ಕೆ ಡಿಎನ್‌ಎ ಬೇಡ. ಹೊಸ ಎಲೆ ಬರುವಾಗ ಗಮನಿಸಿ. ಒಂದೇ ಮರವಾದರೆ ಏಳೂ ಕಾಂಡದಲ್ಲಿ ಚಿಗುರು ಹೆಚ್ಚುಕಡಿಮೆ ಒಟ್ಟಿಗೇ ಬರುತ್ತದೆ, ಬಣ್ಣವೂ ಒಂದೇ. ಹೂವು, ಹಣ್ಣಿನ ಗಾತ್ರ, ಬೀಜದ ಆಕಾರ ಎಲ್ಲ ಒಂದೇ ಇರಬೇಕು.

ಬೀಜಪೆಟ್ಟಿಗೆ
ಈ ಪರೀಕ್ಷೆಗೂ ಮಿತಿ ಇದೆ. ಬಹುಭ್ರೂಣದ ಬೀಜದಲ್ಲಿ ಕೆಲವು ಭ್ರೂಣಗಳು ಪರಾಗ ಸೇರದೆ ತಾಯಿಯ ಅಂಗಾಂಶದಿಂದಲೇ ಹುಟ್ಟುತ್ತವೆ. ಮಾವಿನಲ್ಲಿ, ಕಿತ್ತಳೆಯಲ್ಲಿ ಇದು ಚೆನ್ನಾಗಿ ಗೊತ್ತಿರುವ ವಿಷಯ. ಅಂಥ ಸಸಿಗಳು ತಾಯಿಯ ಪಡಿಯಚ್ಚು. ಎರಡು ಬೇರೆ ಗಿಡಗಳಾದರೂ ಎಲೆಯಲ್ಲೂ ಹಣ್ಣಲ್ಲೂ ವ್ಯತ್ಯಾಸ ಕಾಣಲ್ಲ. ಹಾಗಾಗಿ ವ್ಯತ್ಯಾಸ ಕಂಡರೆ ಬೇರೆ ಮರ ಅನ್ನಬಹುದು. ಕಾಣದಿದ್ದರೆ ಒಂದೇ ಮರ ಅಂತ ಹೇಳೋಕೆ ಬರಲ್ಲ.

ಮರಕುಟಿಗ
ಒಳ್ಳೆಯ ಮಾತು. ನೆರಳಲ್ಲಿರುವ ಕಾಂಡ ಚಿಗುರೋದು ಸ್ವಲ್ಪ ತಡ ಆಗಬಹುದು, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಹಣ್ಣಿನ ಆಕಾರ ಹೆಚ್ಚು ನಂಬಿಕೆಗೆ ಅರ್ಹ.

ಚಿಗುರೆಲೆ
ಹಣ್ಣು ಅಂದಾಗ ನೆನಪಾಯಿತು! ಆ ನೇರ ಕಾಂಡದ ಕೆಳಗೆ ಬೀಳುವ ಹಣ್ಣು ಸಣ್ಣದು, ಗುಂಡಗೆ, ಬರೀ ಬೀಜ. ಉಳಿದ ಕಡೆ ಉದ್ದನೆಯ ಹಣ್ಣು, ತಿರುಳು ಜಾಸ್ತಿ. ಹಣ್ಣು ಆರಿಸುವ ಮಕ್ಕಳು ಆ ಕಡೆ ಹೋಗೋದೇ ಇಲ್ಲ. ಕಾಡುಹಾದಿ ಅವರೇ, ಅದು ಸುತ್ತಿನ ಗೆರೆಯಿಂದ ಸ್ವಲ್ಪ ಒಳಗಿದೆ. ಅಂಟಿಕೊಂಡ ಜೋಡಿಯಲ್ಲಿ ಒಂದು ಅದೇ.

ಕಾಡುಹಾದಿ
ಹಾಗಾದರೆ ಲೆಕ್ಕ ಆರಕ್ಕೆ ಒಂದು, ಜೊತೆಗೆ ಇನ್ನೊಂದು! ಆರು ಕಾಂಡ ಹಳೇ ಮೋಟಿನವು. ಮೋಟು ಕೊಳೆಯುವಾಗ ಅದರಲ್ಲೇ ಬಿದ್ದ ಬೀಜ ಮೊಳೆತು ಏಳನೆಯದು ಬಂದಿದೆ. ಕೊಳೆತ ಕಟ್ಟಿಗೆ ತೇವ ಹಿಡಿದಿಟ್ಟುಕೊಳ್ಳುತ್ತದೆ, ಬೀಜಕ್ಕೆ ಒಳ್ಳೆಯ ಜಾಗ. ದಪ್ಪ ಹೇಗಿದೆ, ಉಳಿದವಕ್ಕಿಂತ ಸಣ್ಣದಾ?

ಚಿಗುರೆಲೆ
ಹೌದು, ಎಲ್ಲದಕ್ಕಿಂತ ಸಣ್ಣದು.

ಸುಮ್ನೆ ಬಂದೆ
ಆರು ಜನ ಅಣ್ಣತಮ್ಮಂದಿರು, ಒಬ್ಬ ಬಾಡಿಗೆದಾರ.

ಮಿಂಚುಹುಳ_07
ಬೇರೆ ಬೇರೆ ಮರ ಆಗಿದ್ದರೆ ಅಂಟಿಕೊಳ್ಳೋದು ಹೇಗೆ?

ತೊಗಟೆ
ಒಂದೇ ಜಾತಿ ಆದರೆ ತೊಂದರೆ ಇಲ್ಲ. ಗಾಳಿಗೆ ಎರಡು ಕಾಂಡ ಉಜ್ಜಿ ಉಜ್ಜಿ ತೊಗಟೆ ಸವೆಯುತ್ತದೆ. ಒಳಗಿನ ಜೀವಪದರಗಳು ಒಂದಕ್ಕೊಂದು ತಾಗಿದರೆ ಕೂಡಿಕೊಳ್ಳುತ್ತವೆ. ನಾವು ಮಾಡುವ ಕಸಿಯೂ ಅದೇ ತಾನೇ, ಇಲ್ಲಿ ಗಾಳಿ ಮಾಡಿದೆ ಅಷ್ಟೇ. ದೂರದ ಜಾತಿಗಳು ಮಾತ್ರ ಹೀಗೆ ಬೆಸೆಯಲ್ಲ. ಆಲ ತಾಳೆಮರವನ್ನು ಅಪ್ಪಿಕೊಂಡಿದ್ದರೆ ಅದು ಬರೀ ಹಿಡಿತ, ಎರಡರ ನಡುವೆ ನೀರೂ ಹರಿಯಲ್ಲ, ಆಹಾರವೂ ಹರಿಯಲ್ಲ.

ಹಿಮಗಿರಿ
ಬೀಜದ ಗುಂಪಿನಿಂದ ಬಹುಕಾಂಡ ಆಗೋದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ವೈಟ್‌ಬಾರ್ಕ್ ಪೈನ್. ಕ್ಲಾರ್ಕ್ಸ್ ನಟ್‌ಕ್ರಾಕರ್ ಅನ್ನುವ ಹಕ್ಕಿ ಅದರ ಬೀಜಗಳನ್ನು ನಾಲಿಗೆಯ ಕೆಳಗಿನ ಚೀಲದಲ್ಲಿ ತುಂಬಿಕೊಂಡು ಹೋಗಿ, ಒಂದೊಂದು ಕಡೆ ಕೆಲವೇ ಬೀಜಗಳನ್ನು ಹೂತಿಡುತ್ತದೆ. ತಿನ್ನದೆ ಬಿಟ್ಟದ್ದು ಒಟ್ಟಿಗೇ ಮೊಳೆಯುತ್ತದೆ. ಬೆಟ್ಟದ ಮೇಲೆ ಗುಂಪಾಗಿ ನಿಂತ ಕಾಂಡಗಳನ್ನು ಪರೀಕ್ಷೆ ಮಾಡಿದಾಗ ಎಷ್ಟೋ ಗುಂಪುಗಳಲ್ಲಿ ಬೇರೆ ಬೇರೆ ಮರಗಳೇ ಇದ್ದವು.

ಓದುಗ್ರಾಸ
ಎಲ್ಲಾ ದಾಖಲೆಗಳಿಗೂ ಅಪ್ಪ ಪ್ಯಾಂಡೋ. ಅಮೆರಿಕದ ಯೂಟಾದಲ್ಲಿ. ಸುಮಾರು 43 ಹೆಕ್ಟೇರು, 47,000ದಷ್ಟು ಕಾಂಡ, ಎಲ್ಲಾ ಸೇರಿ ಒಂದೇ ಆಸ್ಪೆನ್ ಮರ.

ಗರಗಸ
ಅದು ಕಾಡು. ಮರ ಅಲ್ಲ.

ಓದುಗ್ರಾಸ
ವಂಶವಾಹಿ ಒಂದೇ, ಬೇರಿನಿಂದಲೇ ಎದ್ದಿದೆ. ಇನ್ನೇನು ಬೇಕು?

ಗರಗಸ
ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಯೋಕೆ ಅರ್ಧ ಕಿಲೋಮೀಟರ್‌ಗೂ ಜಾಸ್ತಿ. ನಡುವೆ ರಸ್ತೆ ಬೇರೆ ಹೋಗಿದೆ. ಒಂದು ಮರದೊಳಗೆ ಕಾರು ಓಡಿಸೋಕೆ ಆಗುತ್ತಾ?

ಕಾಡುಹಾದಿ
ಜಗಳ ಬೇಡ. ಬೇರಿನಿಂದ ಏಳುವ ಚಿಗುರು ಬೇರೆ, ಮೋಟಿನಿಂದ ಏಳುವ ಚಿಗುರು ಬೇರೆ. ಬೇರಿನದು ತಾಯಿಮರದಿಂದ ದೂರ ಎಲ್ಲೋ ಏಳುತ್ತದೆ, ಆದ್ದರಿಂದ ತೋಪಿನ ಹಾಗೆ ಹರಡುತ್ತದೆ. ಮೋಟಿನದು ಬುಡ ಬಿಟ್ಟು ಹೋಗಲ್ಲ. ಪ್ಯಾಂಡೋಗೆ ಈಗ ತೊಂದರೆ ಜಿಂಕೆ ಜಾತಿಯ ಪ್ರಾಣಿಗಳಿಂದ. ಹೊಸ ಚಿಗುರನ್ನೆಲ್ಲ ಮೇಯ್ದುಬಿಡುತ್ತವೆ, ಹಳೇ ಕಾಂಡ ಸತ್ತ ಕಡೆ ಹೊಸದು ಬರುತ್ತಿಲ್ಲ. ಕೆಲವು ಭಾಗಕ್ಕೆ ಬೇಲಿ ಹಾಕಿದ್ದಾರೆ.

ತೋಪಿನವಳು
ನನ್ನ ಪ್ರಶ್ನೆ ಸ್ವಲ್ಪ ಬೇರೆ. ಮಹಾಗನಿ ಗಿಡಗಳು ಎದೆಮಟ್ಟಕ್ಕೆ ಬರುವಷ್ಟರಲ್ಲಿ ಕವಲೊಡೆಯುತ್ತಿವೆ. ಯಾರೂ ಕಡಿದಿಲ್ಲ, ದನ ಬಂದಿಲ್ಲ. ಪಕ್ಕದವರು "ಬಿಡಿ, ಮರ ಬೆಳೆದ ಹಾಗೆ ಕವಲೂ ಮೇಲೆ ಹೋಗುತ್ತೆ" ಅನ್ನುತ್ತಾರೆ.

ಕಾಡುಹಾದಿ
ಮೇಲೆ ಹೋಗಲ್ಲ! ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಮರ ಉದ್ದ ಆಗೋದು ತುದಿಯಲ್ಲಿ ಮಾತ್ರ. ಬೆಳೆದು ಮುಗಿದ ಕಾಂಡ ದಪ್ಪ ಆಗುತ್ತದೆ, ಉದ್ದಕ್ಕೆ ಎಳೆಯಲ್ಪಡಲ್ಲ. ನಾಲ್ಕು ಅಡಿಯಲ್ಲಿ ಕವಲಾದರೆ ಐವತ್ತು ವರ್ಷ ಬಿಟ್ಟು ನೋಡಿದರೂ ನಾಲ್ಕು ಅಡಿಯಲ್ಲೇ ಕವಲು. ಎರಡೂ ಕಾಂಡ ದಪ್ಪವಾಗಿ ಸಂದು ತುಂಬಿಕೊಳ್ಳುವುದರಿಂದ ಸ್ವಲ್ಪ ಮೇಲೆ ಸರಿದ ಹಾಗೆ ಕಾಣುತ್ತದೆ, ಅಷ್ಟೇ.

ನಿಮ್ಮ ಗಿಡದ ತುದಿಯನ್ನು ಸೀಳಿ ನೋಡಿ. ಒಣಗಿದ ಕುಡಿಯ ಒಳಗೆ ಸುರಂಗ, ಅದರ ಬಾಯಲ್ಲಿ ಹಿಕ್ಕೆಪುಡಿ ಇದ್ದರೆ ಕುಡಿ ಕೊರೆಯುವ ಹುಳ. ಒಂದು ಜಾತಿಯ ಪತಂಗದ ಮರಿ. ಮಹಾಗನಿಗೆ ಇದರ ಕಾಟ ಹೆಚ್ಚುಕಡಿಮೆ ಎಲ್ಲಾ ಕಡೆಯೂ ಇದೆ. ನಡುಕುಡಿ ಸತ್ತ ತಕ್ಷಣ ಕೆಳಗಿನ ಮೂರು ನಾಲ್ಕು ಚಿಗುರು ನಾನು ಮುಂದೆ ತಾನು ಮುಂದೆ ಅಂತ ಏಳುತ್ತವೆ. ಗಿಡ ಚಿಕ್ಕದಿರುವಾಗಲೇ ಗಟ್ಟಿಯಾದ ಒಂದನ್ನು ಉಳಿಸಿ ಉಳಿದದ್ದನ್ನು ಮೊಟಕು ಮಾಡಿ.

ಬೀಜಪೆಟ್ಟಿಗೆ
ತೇಗ ಇನ್ನೂ ತಮಾಷೆ. ಅದಕ್ಕೆ ಹುಳವೂ ಬೇಡ, ಕತ್ತಿಯೂ ಬೇಡ. ಹೂಗೊಂಚಲು ಬರೋದು ತುದಿಯ ಕುಡಿಯಲ್ಲೇ. ಹೂವು ಬಿಟ್ಟ ಮೇಲೆ ಆ ತುದಿ ಮುಗಿಯಿತು, ಕೆಳಗಿನ ಎರಡು ಮೊಗ್ಗು ಎದುರುಬದುರಾಗಿ ಹೊರಟು ಕವಲಾಗುತ್ತದೆ. ಚಿಕ್ಕ ವಯಸ್ಸಿನಲ್ಲೇ ಹೂ ಬಿಟ್ಟ ತೇಗಕ್ಕೆ ನೇರ ಕಾಂಡ ಗಿಡ್ಡ. ತಡವಾಗಿ ಹೂ ಬಿಡುವ ಮರದಿಂದ ಬೀಜ ಆರಿಸಿ ಅನ್ನೋದು ಅದಕ್ಕೇ. ದೇವಕಣಗಿಲೆಯೂ ಹೀಗೇ ಕವಲಾಗುತ್ತಾ ಹೋಗೋದು.

ಹೆಡೆಗರಿ
ತೆಂಗಿನ ಮರಕ್ಕೆ ಎರಡು ತಲೆ ಬಂದದ್ದರ ಚಿತ್ರ ಆಗಾಗ ಓಡಾಡುತ್ತದಲ್ಲ, ಅದು ನಿಜವಾ, ಫೋಟೋ ತಿದ್ದಿದ್ದಾ?

ತೊಗಟೆ
ನಿಜ ಇರಬಹುದು, ಆದರೆ ಅಪರೂಪ. ತೆಂಗಿಗೆ ಇರೋದು ಒಂದೇ ಸುಳಿ. ಮಲಗಿರುವ ಮೊಗ್ಗು ಕಾಂಡದಲ್ಲಿ ಇಲ್ಲ, ಅದಕ್ಕೇ ಸುಳಿ ಸತ್ತರೆ ಮರವೇ ಸಾಯುತ್ತದೆ. ಕಡಿದರೆ ಚಿಗುರುವ ಮಾತೇ ಇಲ್ಲ. ಸುಳಿಗೆ ಪೆಟ್ಟಾಗಿ, ಸಾಯದೆ ಎರಡು ಮೂರಾಗಿ ಒಡೆದರೆ ಅಷ್ಟು ತಲೆ ಬರುತ್ತವೆ. ಅದೇ ಈಜಿಪ್ಟ್ ಕಡೆಯ ಡೂಮ್ ತಾಳೆ ತನ್ನಷ್ಟಕ್ಕೇ ಎರಡೆರಡಾಗಿ ಕವಲಾಗುತ್ತದೆ. ಅದರ ಸೋದರ ಜಾತಿಯೊಂದು ದಿಯು, ಗುಜರಾತ್ ಕರಾವಳಿಯಲ್ಲೂ ಇದೆ.

ನಕ್ಷೆಗಾರ
ಬಿದ್ದ ಮರದ ಮಾತು ಯಾರೂ ಆಡಿಲ್ಲ. ಗಾಳಿಗೆ ಮರ ಅಡ್ಡ ಬಿದ್ದು, ಅರ್ಧ ಬೇರು ಮಣ್ಣಲ್ಲೇ ಉಳಿದಿದ್ದರೆ ಮರ ಸಾಯಬೇಕಂತಿಲ್ಲ. ಮೇಲ್ಗಡೆಯ ಕೊಂಬೆಗಳು ಮೆಲ್ಲಗೆ ನೆಟ್ಟಗಾಗಿ ಒಂದೊಂದೂ ಒಂದು ಮರದ ಹಾಗೆ ಬೆಳೆಯುತ್ತವೆ. ಕೊನೆಗೆ ಸಾಲಾಗಿ ನಾಲ್ಕೈದು ಮರ! ಯಾರೋ ಹಗ್ಗ ಹಿಡಿದು ನೆಟ್ಟಿದ್ದಾರೆ ಅನ್ನಿಸುತ್ತದೆ.

ಹಿಮಗಿರಿ
ಸಾಲಾಗಿದ್ದರೆ ಇನ್ನೊಂದು ಸಾಧ್ಯತೆಯೂ ಇದೆ. ಸತ್ತು ಬಿದ್ದ ದಿಮ್ಮಿಯ ಮೇಲೆ ಬೀಜಗಳು ಮೊಳೆತು ಸಾಲಾಗಿ ಬೆಳೆದಿರಬಹುದು. ಆಗ ದಿಮ್ಮಿ ಕೊಳೆತ ಮೇಲೆ ಬೇರುಗಳು ಕಾಲಿನ ಹಾಗೆ ನೆಲದಿಂದ ಮೇಲೆ ನಿಂತಿರುತ್ತವೆ, ಅಡಿಯಲ್ಲಿ ಪೊಳ್ಳು. ಇವು ಬೇರೆ ಬೇರೆ ಮರಗಳು. ನೀವು ಹೇಳಿದ್ದು ಒಂದೇ ಮರ. ಕಾಲು ನೋಡಿ ತೀರ್ಮಾನಿಸಬೇಕು.

ಅಳತೆಪಟ್ಟಿ
ಎಲ್ಲಾ ಓದಿದೆ. ಚಿಗುರೆಲೆ ಅವರು ಸುತ್ತಳತೆ ಹಾಕಲು ಹೊರಟರೆ ಒಂದು ಮಾತು. ಸರ್ವೇಯಲ್ಲಿ ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆಯುತ್ತಾರೆ. ಕವಲು ಅದಕ್ಕಿಂತ ಕೆಳಗಿದ್ದರೆ ಪ್ರತಿ ಕಾಂಡವೂ ಬೇರೆ ಮರ ಅಂತ ಲೆಕ್ಕ. ಮೇಲಿದ್ದರೆ ಒಂದೇ ಮರ. ಹಾಗಾಗಿ ಕಾಗದದ ಮೇಲೆ ನಿಮ್ಮದು ಏಳು ಮರ.

ಗರಗಸ
ನೋಡಿ, ಪ್ಯಾಂಡೋನೂ ಆ ಲೆಕ್ಕದಲ್ಲಿ 47,000 ಮರ.

ಓದುಗ್ರಾಸ
ಬಿಡಲ್ಲ ಅಂತೀರಿ.

ಸಂಜೆಗಾಳಿ
ನನ್ನದು ಸಣ್ಣ ಚಿಂತೆ. ಮನೆ ಹಿಂದಿನ ಬೇವು ಸೊಂಟದೆತ್ತರದಲ್ಲಿ ಎರಡಾಗಿದೆ. ಎರಡೂ ದಪ್ಪ, ಮಧ್ಯದ ಸಂದು ತುಂಬಾ ಕಿರಿದು. ಜೋರು ಗಾಳಿಗೆ ಕಿರ್ ಅನ್ನುತ್ತದೆ. ಬಿದ್ದರೆ ಸೀದಾ ಚಾವಣಿ ಮೇಲೆ.

ತೊಗಟೆ
ಸಂದು ಅಗಲವಾಗಿ ದುಂಡಗಿದ್ದರೆ ಅಷ್ಟು ಹೆದರಿಕೆ ಇಲ್ಲ, ಅಲ್ಲಿ ಕಟ್ಟಿಗೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಕಿರಿದಾದ ಸಂದಿನಲ್ಲಿ ಎರಡೂ ಕಡೆಯ ತೊಗಟೆ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಹೊರಗಿನಿಂದ ಕೂಡಿದ ಹಾಗೆ ಕಂಡರೂ ಒಳಗೆ ಬೆಸುಗೆ ಇರಲ್ಲ. ಎರಡೂ ದಪ್ಪ ಆದಷ್ಟೂ ಒಂದನ್ನೊಂದು ಹೊರಕ್ಕೆ ತಳ್ಳುತ್ತವೆ. ಸಂದಿನ ಕೆಳಗೆ ಎರಡೂ ಪಕ್ಕ ಕಿವಿಯ ಹಾಗೆ ಉಬ್ಬಿದೆಯಾ, ನಡುವೆ ಗೆರೆ ಬಿರುಕು ಬಿಟ್ಟಿದೆಯಾ ನೋಡಿ. ಬಿರುಕಿನಿಂದ ನೀರು ಒಸರುತ್ತಿದ್ದರೆ ತಡ ಮಾಡಬೇಡಿ, ಮರ ಹತ್ತಿ ಕೆಲಸ ಮಾಡುವವರನ್ನು ಕರೆದು ಚಾವಣಿ ಕಡೆಯ ಕಾಂಡದ ತಲೆಭಾರ ಇಳಿಸಿ. ಒಂದೇ ಸಲಕ್ಕೆ ಇಡೀ ಕಾಂಡ ತೆಗೆದರೆ ದೊಡ್ಡ ಗಾಯ, ಕೊಳೆ ಸೇರುತ್ತದೆ.

ಸಂಜೆಗಾಳಿ
ಎರಡನ್ನೂ ಸೇರಿಸಿ ತಂತಿ ಸುತ್ತಿದ್ದಾರೆ, ಹಿಂದಿನ ಮಾಲೀಕರು. ಅದು ಸಾಕಾಗಲ್ವಾ?

ಕಾಡುಹಾದಿ
ಸುತ್ತಲೂ ಬಿಗಿದ ತಂತಿ ಮರದ ಕುತ್ತಿಗೆಗೆ ಉರುಳು. ದಪ್ಪ ಆದ ಹಾಗೆ ತೊಗಟೆಯನ್ನು ಕತ್ತರಿಸುತ್ತದೆ, ಎಲೆಯಿಂದ ಕೆಳಗೆ ಬರುವ ಆಹಾರ ಅಲ್ಲೇ ನಿಲ್ಲುತ್ತದೆ. ಆಸರೆ ಕೊಡೋದಾದರೆ ಸಂದಿನಿಂದ ಬಹಳ ಮೇಲೆ, ಎರಡೂ ಕಾಂಡಕ್ಕೆ ಬೋಲ್ಟ್ ಹಾಕಿ ನಡುವೆ ಕೇಬಲ್ ಕಟ್ಟುತ್ತಾರೆ. ಅದೂ ಬಲ್ಲವರ ಕೆಲಸ. ಈ ತಂತಿ ಬಿಚ್ಚಿ.

ಸಂಜೆಗಾಳಿ
ಬಿಚ್ಚೋಣ ಅಂದರೆ ಅರ್ಧ ತಂತಿ ಮರದೊಳಗೆ ಹೂತುಹೋಗಿದೆ.

ಕಾಡುಹಾದಿ
ಹಾಗಾದರೆ ಎಳೆಯಬೇಡಿ, ಗಾಯ ಜಾಸ್ತಿ ಆಗುತ್ತದೆ. ಹೊರಗೆ ಕಾಣುವ ಕಡೆಯೆಲ್ಲ ಕಟಿಂಗ್ ಪ್ಲೇಯರ್‌ನಿಂದ ತುಂಡು ಮಾಡಿ ಬಿಗಿ ಬಿಡಿಸಿ. ಒಳಗಿರೋದು ಅಲ್ಲೇ ಇರಲಿ. ಆದರೆ ಮೊದಲು ತಲೆಭಾರ ಇಳಿಸಿ, ಆಮೇಲೆ ತಂತಿ.

ಗರಗಸ
ಮತ್ತೆ ಮುಂದೆ ಯಾವತ್ತಾದರೂ ಆ ಮರ ಕೊಯ್ಯಿಸಿದರೆ, ಒಳಗೆ ತಂತಿ ಇದೆ ಅಂತ ಮಿಲ್ಲಿನವರಿಗೆ ಮೊದಲೇ ಹೇಳಿ. ಬ್ಲೇಡು ಹಾಳಾದರೆ ಬೈಸಿಕೊಳ್ಳೋದು ನೀವೇ.